ಬೇಲಿ ದಾಟಿ ಬಂದ ನೀರು

ಆತ ನಮ್ಮ ಅಂಗಳಕ್ಕೆ ಬಂದಾಗ ನಾನು ಮೊದಲು ನೋಡಿದ್ದು ಆತನ ಪಂಚೆಯ ಅಂಚನ್ನು. ಅದರ ತುಂಬ ಉತ್ತರಾಣಿ ಬೀಜ ಅಂಟಿಕೊಂಡಿತ್ತು. ರಸ್ತೆಯಲ್ಲಿ ನಡೆದು ಬಂದವರಿಗೆ ಅದು ಅಂಟುವುದಿಲ್ಲ. ನಮ್ಮ ತೋಟದ ಕೆಳಗಿನ ಬೇಲಿಯ ಪಕ್ಕದಲ್ಲಿ ಮಾತ್ರ ಅದು ಮೊಣಕಾಲೆತ್ತರ ಬೆಳೆದಿತ್ತು, ಕಳೆ ತೆಗೆಸಲು ಆಳು ಸಿಕ್ಕಿರಲಿಲ್ಲ. ಅಂದರೆ ಈ ಮನುಷ್ಯ ಬಾಗಿಲಿಗೆ ಬರುವ ಮೊದಲು ನಮ್ಮ ಗಿಡಗಳ ನಡುವೆ ಓಡಾಡಿ, ನೋಡಬೇಕಾದ್ದನ್ನೆಲ್ಲ ನೋಡಿಕೊಂಡೇ ಬಂದಿದ್ದಾನೆ ಎಂದುಕೊಂಡೆ.

"ಅತ್ತಿಗೆ, ಅಣ್ಣ ಇದ್ದಾರಾ?"

"ಇದ್ದಾರೆ, ಪೂಜೆಗೆ ಕೂತಿದ್ದಾರೆ. ಕೂತ್ಕೊಳಿ."

ಆತ ನಮ್ಮ ಕೆಳಗಿನ ಬೇಲಿಯ ಆಚೆ ತೋಟದವನು. ನಮ್ಮವರಿಗಿಂತ ಐದಾರು ವರ್ಷ ಚಿಕ್ಕವನು. ಅಪ್ಪನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿಕೊಂಡಿದ್ದ ಮನೆತನ. ಈತ ಹೊಲ ಮಾರಿ ಮೇಲೆ ಬಂದು ಈ ತೋಟ ಕೊಂಡ. ಹೊಸದರಲ್ಲಿ ಹಬ್ಬಕ್ಕೆ ಕರೆಯುವುದು, ತರಕಾರಿ ಕೊಟ್ಟುಕೊಳ್ಳುವುದು ಎಲ್ಲ ಇತ್ತು. ಆಮೇಲೆ ಎರಡು ಕಾರಣಕ್ಕೆ ಅದು ಹಳಸಿತು. ನಮ್ಮ ಜಾಗದೊಳಗೆ ಜೀಪು ಹೋಗುವಷ್ಟು ದಾರಿ ಬಿಡಿ ಎಂದು ಆತ ಕೇಳಿದ, ನಮ್ಮವರು ಆಗುವುದಿಲ್ಲ ಎಂದರು. ಆತನ ತೋಟದ ಒಂದು ಗಿಡದಿಂದ ಕಸಿ ಕಡ್ಡಿ ಕೊಡಿ ಎಂದು ನಮ್ಮವರು ಕೇಳಿದರು, ಆತ ಕೊಡಲಿಲ್ಲ.

ಆ ಗಿಡವನ್ನು ನಾನೂ ನೋಡಿದ್ದೆ. ರೋಬಸ್ಟಾ ಕಾಫಿಯೇ, ಆದರೆ ರೆಂಬೆ ಕಾಣದ ಹಾಗೆ ಕಾಯಿ ಬಿಡುತ್ತಿತ್ತು. ಸೋಮವಾರಪೇಟೆ ಸಂತೆಗೆ ಹೋದರೆ ಅಲ್ಲೂ ಅದರದೇ ಮಾತು. ಆತ ಏನು ಮಾಡಿದ ಎಂದರೆ, ತನ್ನ ತೋಟದ ಹಳೆಯ ಗಿಡಗಳನ್ನೆಲ್ಲ ಮೊಣಕಾಲ ಮಟ್ಟಕ್ಕೆ ಕಡಿಸಿ, ಹೊಸದಾಗಿ ಬಂದ ಚಿಗುರಿಗೆ ಆ ಒಂದೇ ಗಿಡದ ಕಡ್ಡಿ ತಂದು ಕಸಿ ಕಟ್ಟಿಸಿದ. ಒಂದು ಮೂಲೆಯನ್ನೂ ಬಿಡಲಿಲ್ಲ. ನಮ್ಮದು ಅಜ್ಜನ ಕಾಲದಲ್ಲಿ ಬೀಜ ಹಾಕಿ ಎಬ್ಬಿಸಿದ ಗಿಡಗಳು. ಒಂದು ಎತ್ತರ, ಒಂದು ಕುಳ್ಳು, ಒಂದರ ಎಲೆ ಅಗಲ, ಇನ್ನೊಂದರದ್ದು ಸಪೂರ. ನಮ್ಮವರಿಗೆ ಆಸೆಯಾಯಿತು. ಹೋಗಿ ಕೇಳಿದರು.

"ಬರೋ ವರ್ಷ ಕೊಡ್ತೀನಣ್ಣ," ಎಂದ. ಬರುವ ವರ್ಷವೂ ಅದನ್ನೇ ಹೇಳಿದ. ನಾಲ್ಕು ಕಡ್ಡಿ ಕೊಡಲು ಕೈ ಬಾರದವನು ಎಂದು ನಾನು ಆತನನ್ನು ಮನಸ್ಸಿನಲ್ಲಿ ಒಂದು ಕಡೆ ಇಟ್ಟಿದ್ದೆ. ಇಂಥವನು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ತಾನಾಗಿ ಬಂದು ನಮ್ಮ ಜಗಲಿಯಲ್ಲಿ ಕೂತಿದ್ದ.

ಆ ವರ್ಷದ ಮಾರ್ಚ್ ಹೇಗಿತ್ತೆಂದು ಹೇಳಬೇಕು. ನಮ್ಮ ಕಡೆ ಮಳೆಯನ್ನು ಇಂಚು, ಸೆಂಟುಗಳಲ್ಲಿ ಹೇಳುತ್ತೇವೆ, ನೂರು ಸೆಂಟು ಸೇರಿದರೆ ಒಂದು ಇಂಚು. ಹೂ ಅರಳಲು ಒಂದು ಇಂಚಾದರೂ ಒಟ್ಟಿಗೆ ಬೀಳಬೇಕು. ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಒಬ್ಬೊಬ್ಬರದೂ ಲೆಕ್ಕ ಬರುತ್ತಿತ್ತು. ಮಡಿಕೇರಿ ಕಡೆ ಇಷ್ಟು, ಸೋಮವಾರಪೇಟೆ ಕಡೆ ಇಷ್ಟು. ನಮ್ಮ ಅಂಗಳದ ಮಳೆ ಅಳೆಯುವ ಡಬ್ಬಿಯಲ್ಲಿ ಒಂದು ಸಂಜೆ ಬಿದ್ದದ್ದು ಹದಿನೈದು ಸೆಂಟು. ಅಷ್ಟು ಬಿದ್ದದ್ದೇ ತಪ್ಪಾಯಿತು. ಮಲಗಿದ್ದ ಮೊಗ್ಗಿಗೆ ಅರ್ಧ ಎಚ್ಚರ, ಅರ್ಧ ನಿದ್ದೆ. ಮುಂದೆ ನೀರು ಸಿಗದಿದ್ದರೆ ಹಾಗೇ ಕಂದಿ ಉದುರುತ್ತದೆ, ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು. ನಮಗೆ ಬೇರೆ ಗದ್ದೆಯಿಲ್ಲ, ನೌಕರಿಯಿಲ್ಲ. ನಮ್ಮ ಬಾವಿಯೋ, ಮನೆ ಖರ್ಚಿಗೆ ಸಾಲುವುದೇ ಕಷ್ಟ. ಆಚೆ ತೋಟದಲ್ಲಿ ಮಾತ್ರ ಕೆರೆ ಇತ್ತು.

ನಮ್ಮವರು ವಿಭೂತಿ ಹಚ್ಚಿಕೊಂಡು ಹೊರಗೆ ಬಂದರು. ಆತ ಎದ್ದು ನಿಂತು, ಸುತ್ತಿ ಬಳಸದೆ ಹೇಳಿದ.

"ಅಣ್ಣ, ನಿಮ್ಮ ಮೊಗ್ಗು ನೋಡ್ದೆ. ಇನ್ನೊಂದು ವಾರ ಬಿಟ್ರೆ ಕೈಗೆ ಸಿಗಲ್ಲ. ನಾಳೆಯಿಂದ ನಾನು ನೀರು ಹೊಡೀತಿದ್ದೀನಿ. ಕೆರೇಲಿ ನೀರೈತೆ. ನಿಮ್ಮದಕ್ಕೂ ಒಂದು ಸುತ್ತು ಹೊಡೆದುಬಿಡ್ತೀನಿ."

"ಡೀಸೆಲ್ ನಾನು ಹಾಕಿಸ್ತೀನಿ," ಎಂದರು ನಮ್ಮವರು.

"ಬ್ಯಾಡ ಬಿಡಣ್ಣ. ಇಂಜಿನ್ ಹೆಂಗೂ ಓಡ್ತಿರ್ತದೆ."

ನಾನು ಕಾಫಿ ಲೋಟ ಕೊಡುತ್ತ, "ನಿಮ್ಮದು ಮುಗಿದ ಮೇಲೆ ನಮ್ಮದಾ?" ಎಂದು ಕೇಳಿದೆ.

"ಇಲ್ಲ ಅತ್ತಿಗೆ, ಒಟ್ಟಿಗೆ. ಎರಡೂ ಕಡೆ ಒಟ್ಟಿಗೇ ಆಗ್ಬೇಕು," ಎಂದ. ಆ ಮಾತು ಬೇರೆ ಮಾತುಗಳಿಗಿಂತ ಬೇಗ ಬಂತು. ಆತ ಕಾಫಿಯನ್ನೂ ಬಿಸಿಬಿಸಿಯಾಗಿಯೇ ಕುಡಿದು ಮುಗಿಸಿದ. ನಾನು ಎರಡನ್ನೂ ಗಮನಿಸಿದೆ.

ಆತ ಹೋದ ಮೇಲೆ ಅತ್ತೆ ದೇವರ ಗೂಡಿನ ಮುಂದೆ ನಿಂತು ಕೈ ಮುಗಿದರು. "ಎಲ್ಲಿಂದ ಬಂದ ನೋಡು. ನಾನು ಕೇಳ್ಕೊಂಡಿದ್ದು ಸ್ವಾಮಿಗೆ ಕೇಳಿಸ್ತು."

"ಸ್ವಾಮಿಗೆ ಕೇಳಿಸಿದ್ರೆ ಮಳೆ ಬರ್ತಿತ್ತು ಅತ್ತೆ. ಇವರು ಯಾಕೆ ಬಂದ್ರು?"

"ಒಳ್ಳೇದು ಮಾಡಕ್ಕೆ ಬಂದೋನ್ನ ಪೊಲೀಸ್ನೋರ ತರ ಕೇಳ್ಬೇಡ ಕಣೇ."

"ನಾಲ್ಕು ಕಡ್ಡಿ ಕೊಡದವರು ಕೆರೆ ನೀರು ಕೊಡ್ತಾರಾ? ನೀವೇ ಹೇಳಿ."

ನಮ್ಮವರು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ, "ದಾರಿ ಕೇಳಕ್ಕೇ ಇರಬೇಕು," ಎಂದರು. ನನಗೂ ಅದೇ ಹೊಳೆದಿತ್ತು. ಇವತ್ತು ನೀರು ಕುಡಿದರೆ ನಾಳೆ ದಾರಿ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಉಪಕಾರಕ್ಕಿರುವ ಗುಣವೇ ಅದು, ಬಾಯಿ ಕಟ್ಟುತ್ತದೆ. ಆದರೂ ಮೊಗ್ಗಿನ ಮುಂದೆ ನಮ್ಮ ಅನುಮಾನ ನಿಲ್ಲುವಂತಿರಲಿಲ್ಲ. ನೀರು ತೆಗೆದುಕೊಳ್ಳುವುದು ಎಂದಾಯಿತು. ನಾನು ಒಂದೇ ಒಂದು ಷರತ್ತು ಹಾಕಿದೆ. ಪೈಪು ನೆಲದ ಮೇಲೆಯೇ ಬರಬೇಕು, ಹೂಳಬಾರದು, ಕೆಲಸ ಮುಗಿದ ದಿನವೇ ಬೇಲಿಯ ಆಚೆ ವಾಪಸು ಹೋಗಬೇಕು. ನಮ್ಮವರು ಇದನ್ನು ಫೋನಿನಲ್ಲಿ ಹೇಳಿದಾಗ ಆತ ನಕ್ಕದ್ದು ನನಗೂ ಕೇಳಿಸಿತು.

ನೀರು ಹೊಡೆಯುವಾಗ ನಾನು ದಿನಾ ಏನಾದರೊಂದು ನೆಪ ಮಾಡಿಕೊಂಡು ಕೆಳಗೆ ಇಳಿಯುತ್ತಿದ್ದೆ. ಒಮ್ಮೆ ಕಾಫಿ, ಒಮ್ಮೆ ಅಕ್ಕಿ ರೊಟ್ಟಿ, ಒಮ್ಮೆ ಕಳೆದುಹೋಗದ ಕೋಳಿಯನ್ನು ಹುಡುಕುವ ನೆಪ. ದೊಡ್ಡ ಜೆಟ್ಟು ತಿರುಗುತ್ತ ನೆರಳಿನ ಮರಗಳವರೆಗೂ ನೀರು ಎರಚುತ್ತಿತ್ತು. ಒಣಗಿದ ತರಗೆಲೆಯ ಮೇಲೆ ಬೀಳುವ ಆ ಸದ್ದು ಮಳೆಯದೇ ಸದ್ದು. ಆತ ಮೊದಲು ಹಿಡಿದದ್ದು ಬೇಲಿಯ ಪಕ್ಕದ ಸಾಲುಗಳನ್ನು. ಪೈಪು ಬದಲಿಸುವ ಬಿಡುವಿನಲ್ಲಿ ನಮ್ಮ ಗಿಡಗಳ ಹತ್ತಿರ ಹೋಗಿ ಎಲೆ ಮುಟ್ಟಿ ನೋಡುತ್ತಿದ್ದ. ತನ್ನ ಸ್ವಂತ ಗಿಡವನ್ನೂ ಯಾರೂ ಅಷ್ಟು ನೋಡುವುದಿಲ್ಲ.

"ಅತ್ತಿಗೆ, ಈ ಸಪೂರ ಎಲೇದು ಎಷ್ಟು ಗಿಡ ಇರ್ಬೋದು?"

"ಯಾಕೆ?"

"ಸುಮ್ನೆ ಕೇಳ್ದೆ."

ಸುಮ್ಮನೆ ಎನ್ನುವ ಪದ ಬಂದರೆ ನನಗೆ ಕಿವಿ ನೆಟ್ಟಗಾಗುತ್ತದೆ.

ಪೈಪುಗಳೆಲ್ಲ ವಾಪಸು ಹೋದ ಮರುದಿನ ನಾನು ಬೇಲಿಯ ಉದ್ದಕ್ಕೂ ನಡೆದೆ. ನಮ್ಮ ಏಳೆಂಟು ಗಿಡಗಳಿಗೆ ಕೆಂಪು ಬಟ್ಟೆಯ ಚೂರು ಕಟ್ಟಿತ್ತು. ಹಳೆಯ ಸೀರೆಯಿಂದ ಹರಿದದ್ದು. ಒಂದು ಇಲ್ಲಿ, ಒಂದು ಅಲ್ಲಿ, ನೋಡಲು ಕ್ರಮವಿಲ್ಲದ ಹಾಗಿದ್ದರೂ ಎಲ್ಲವೂ ಬೇಲಿಯ ಹತ್ತಿರವೇ. ಇದು ದಾರಿಯ ಗುರುತಲ್ಲದೆ ಮತ್ತೇನು? ಯಾವ ಗಿಡ ಕಿತ್ತರೆ ಜೀಪು ಹೊರಳುತ್ತದೆ ಎಂದು ಅಳೆದುಕೊಂಡು ಹೋಗಿದ್ದಾನೆ. ನಾನು ಒಂದೊಂದನ್ನೂ ಬಿಚ್ಚಿ ಮಡಿಲಲ್ಲಿ ತುಂಬಿಕೊಂಡು ಬಂದು ನೀರು ಕಾಯಿಸುವ ಒಲೆಗೆ ಹಾಕಿದೆ. ಮನೆಯಲ್ಲಿ ನಮ್ಮವರಿಗೆ ಮಾತ್ರ ಹೇಳಿದೆ. ಅತ್ತೆಗೆ ಹೇಳಲಿಲ್ಲ. ಅವರು ಆ ವಾರವೆಲ್ಲ ಸಂಜೆ ದೀಪ ಹಚ್ಚುವಾಗ ಆತನ ಹೆಸರು ಸೇರಿಸಿಕೊಳ್ಳುತ್ತಿದ್ದರು.

ನೀರು ಬಿದ್ದು ಎಂಟೊಂಬತ್ತು ದಿನಕ್ಕೆ ಹೂ ಅರಳಿತು. ಕಾಫಿ ಹೂ ನೋಡದವರಿಗೆ ಹೇಗೆ ಹೇಳುವುದು, ಹಿಂದಿನ ದಿನ ಸಂಜೆ ಹಸಿರಾಗಿದ್ದದ್ದು ಬೆಳಗಾಗುವಾಗ ರೆಂಬೆ ರೆಂಬೆಗೂ ಬಿಳಿಯ ದಂಡೆ ಕಟ್ಟಿದ ಹಾಗೆ ನಿಂತಿರುತ್ತದೆ. ಮಲ್ಲಿಗೆಯನ್ನು ಹೋಲುವ ವಾಸನೆ ಅಡುಗೆಮನೆಯ ಹೊಗೆಯನ್ನೂ ದಾಟಿ ಬರುತ್ತದೆ. ಬೇಲಿಯ ಈಚೆ, ಆಚೆ, ಎರಡೂ ಕಡೆ ಒಂದೇ ಬೆಳಿಗ್ಗೆ ಬಿಳಿ. ನಾನು ದನಕ್ಕೆ ಹುಲ್ಲು ಹಾಕಿ, ಕಣ್ತುಂಬ ನೋಡೋಣ ಎಂದು ಕೆಳಗೆ ಇಳಿದೆ.

ಅಲ್ಲಿ ಆತ ನಮ್ಮ ಗಿಡಗಳ ನಡುವೆ ನಿಂತಿದ್ದ. ಬಲಗೈಯಲ್ಲಿ ಕತ್ತಿ. ಎಡಗೈಯಲ್ಲಿ ತಬ್ಬಿ ಹಿಡಿದಷ್ಟು ನಮ್ಮ ಹೂವಿನ ರೆಂಬೆ.

ಕಾಫಿ ಬೆಳೆಯುವವರು ಹೂವಿನ ದಿನ ಗಿಡಕ್ಕೆ ಮೈ ಕೂಡ ತಾಗಿಸುವುದಿಲ್ಲ. ಒಂದು ಹೂ ಬಿದ್ದರೆ ಒಂದು ಕಾಯಿ ಹೋದ ಹಾಗೆ. ಈ ಮನುಷ್ಯ ನೀರು ಹೊಡೆದು ಅರಳಿಸಿದ್ದನ್ನು ತಾನೇ ಕಡಿಯುತ್ತಿದ್ದಾನೆ.

"ಏನ್ರೀ ಇದು!" ನನ್ನ ಧ್ವನಿ ನಮ್ಮ ಮನೆಯವರೆಗೂ ಹೋಗಿರಬೇಕು.

ಆತ ಬೆಚ್ಚಿ ತಿರುಗಿದ. ರೆಂಬೆಗಳನ್ನು ಬಿಡಲೂ ಇಲ್ಲ, ಮರೆಮಾಡಲೂ ಇಲ್ಲ. "ಅತ್ತಿಗೆ, ಒಂದೊಂದು ಗಿಡದಿಂದ ಒಂದೊಂದೇ ತಗೊಂಡಿದ್ದು. ಗುರುತಿಗೆ ಬಟ್ಟೆ ಕಟ್ಟಿದ್ದೆ, ಒಂದೂ ಕಾಣ್ಲಿಲ್ಲ."

"ಒಲೆಗೆ ಹಾಕಿದೆ."

"ಒಲೆಗಾ?"

"ಹೂಂ. ದಾರಿಗೆ ಗುರುತು ಹಾಕಿದ್ದೀರಿ ಅಂತ."

ಆತನಿಗೆ ನಗು ಬಂತು, ಆದರೆ ನನ್ನ ಮುಖ ನೋಡಿ ನುಂಗಿಕೊಂಡ. ಅಷ್ಟರಲ್ಲಿ ನಮ್ಮವರು ಬನಿಯನ್ನಿನಲ್ಲೇ ಓಡಿ ಬಂದರು. ಹಿಂದೆ ಕೋಲೂರಿಕೊಂಡು ಅತ್ತೆ. ಮೂವರ ಮುಂದೆ ಆತ ಕತ್ತಿಯನ್ನು ನೆಲಕ್ಕಿಟ್ಟು ಎಲ್ಲವನ್ನೂ ಹೇಳಿದ.

ಆತನ ತೋಟ ಎರಡು ವರ್ಷದಿಂದ ಹೂ ಬಿಟ್ಟರೂ ಕಾಯಿ ಕಟ್ಟುತ್ತಿರಲಿಲ್ಲ. ರೋಬಸ್ಟಾ ಹೂ ತನ್ನ ಗಿಡದ್ದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಗಾಳಿಯಲ್ಲೋ ಜೇನಿನ ಕಾಲಲ್ಲೋ ಬರಬೇಕು. ಇಡೀ ತೋಟಕ್ಕೆ ಒಂದೇ ಗಿಡದ ಕಡ್ಡಿ ಕಟ್ಟಿಸಿದ ಮೇಲೆ ಅಲ್ಲಿ ಬೇರೆ ಗಿಡ ಎಲ್ಲಿಂದ ಬರಬೇಕು? ಸಾಲುಸಾಲಾಗಿ ಸಾವಿರ ಗಿಡ ನಿಂತಿದ್ದರೂ ಅದು ಒಂದೇ ಗಿಡ. ಮೊದಲ ಸಲ ಕಾಯಿ ಇಲ್ಲದಾಗ ಗಿಡ ಇನ್ನೂ ಎಳೆಯದು ಎಂದುಕೊಂಡನಂತೆ. ಮಾನ ಹೋಗುತ್ತದೆಂದು ಪಿಕ್ಕಿಂಗಿಗೆ ಹೊರಗಿನ ಆಳುಗಳನ್ನು ಕರೆಯದೆ ಗಂಡ ಹೆಂಡತಿಯೇ ಇದ್ದಷ್ಟನ್ನು ಕೊಯ್ದರಂತೆ. ಎರಡನೆಯ ಸಲ ನೋಡಿದಾಗ ನಮ್ಮ ಬೇಲಿಗೆ ತಾಗಿದ ಎರಡು ಸಾಲಿನಲ್ಲಿ ಮಾತ್ರ ಕಾಯಿ ಇತ್ತು. ಆಗ ವಿಷಯ ತಿಳಿದವರನ್ನು ಕೇಳಿ ತಿಳಿದುಕೊಂಡ.

"ನಿಮ್ಮದೂ ನನ್ನದೂ ಒಂದೇ ದಿನ ಅರಳ್ಬೇಕಿತ್ತು ಅಣ್ಣ. ಅದಕ್ಕೇ ನೀರು. ಒಳಗಿನ ಸಾಲಿಗೆ ಗಾಳಿ ಹೋಗಲ್ಲ, ಅಲ್ಲಿ ಈ ರೆಂಬೆ ಕಟ್ಟೋಣ ಅಂತ ಬಂದೆ. ಕೇಳಿ ತಗೊಂಡ್ರೆ ಯಾಕೆ ಅಂತ ಹೇಳ್ಬೇಕಾಗ್ತದೆ."

ನನಗೆ ಆದದ್ದು ಏನೆಂದರೆ, ಒಂದು ರೀತಿ ನೆಮ್ಮದಿ. ಎರಡು ವಾರದಿಂದ ಹುಡುಕುತ್ತಿದ್ದದ್ದು ಸಿಕ್ಕಿತ್ತು. ಕಾರಣ ಇಲ್ಲದ ನೀರನ್ನು ನಂಬುವುದು ನನಗೆ ಕಷ್ಟವಾಗಿತ್ತು, ಸ್ವಂತ ಕಾರಣ ಇರುವ ನೀರು ಎಂದ ಕೂಡಲೇ ಅದು ನಿಜವಾದ ನೀರಾಯಿತು.

ಅತ್ತೆಗೆ ಹಾಗಾಗಲಿಲ್ಲ. "ನಾನು ದಿನಾ ನಿನ್ನ ಹೆಸರಲ್ಲಿ ದೀಪ ಹಚ್ತಿದ್ನಲ್ಲೋ," ಎಂದರು. ಬೈಗುಳವಾಗಿ ಹೇಳಿದ್ದರೆ ಆತ ತಡೆದುಕೊಳ್ಳುತ್ತಿದ್ದ. ಅವರು ತಮಗೆ ತಾವೇ ಹೇಳಿಕೊಂಡ ಹಾಗೆ ಹೇಳಿದರು. ಆತ ತಲೆ ತಗ್ಗಿಸಿದ.

ನಮ್ಮವರಿಗೆ ಬೇರೆಯೇ ಯೋಚನೆ. "ಹಾಗಾದ್ರೆ ಆ ಕಡ್ಡಿ? ನನಗೆ ಕೊಡದೇ ಇದ್ದಿದ್ದು ಇದಕ್ಕೇನಾ?"

"ಕೊಟ್ಟಿದ್ರೆ ನೀವೂ ನನ್ನ ಹಾಗೇ ಕೂರ್ತಿದ್ರಿ ಅಣ್ಣ."

ಇಲ್ಲಿ ನಾನು ಸುಮ್ಮನಿರಲಿಲ್ಲ. "ನಮಗೋಸ್ಕರ ಕೊಡ್ಲಿಲ್ವೋ, ನಿಮಗೋಸ್ಕರ ಕೊಡ್ಲಿಲ್ವೋ?"

"ನಿಜ ಹೇಳ್ತೀನಿ ಅತ್ತಿಗೆ. ಮೊದಲನೇ ವರ್ಷ ಬರೀ ಹೊಟ್ಟೆಕಿಚ್ಚು. ಆ ಗಿಡ ನನ್ನೊಬ್ಬನ ಹತ್ರಾನೇ ಇರ್ಲಿ ಅಂತ. ಎರಡನೇ ವರ್ಷ ವಿಷಯ ಗೊತ್ತಾಗಿತ್ತು. ಆಗ ಕೊಡದೇ ಇದ್ದಿದ್ದು ನಿಮಗೂ ಹೌದು, ನನಗೂ ಹೌದು. ನಿಮ್ಮ ಹಳೇ ಗಿಡ ಹೋದ್ರೆ ನನ್ನ ಎರಡು ಸಾಲೂ ಹೋಗ್ತಿತ್ತು."

ಎರಡು ವರ್ಷವೂ ಆತ ಹೇಳಿದ್ದು ಬರೋ ವರ್ಷ ಎಂಬ ಒಂದೇ ಮಾತು. ನಾವು ಕೇಳಿಸಿಕೊಂಡದ್ದೂ ಒಂದೇ ಮಾತು. ಒಳಗೆ ಮಾತ್ರ ಮೊದಲ ವರ್ಷದ್ದು ಒಂದು, ಎರಡನೆಯ ವರ್ಷದ್ದು ಇನ್ನೊಂದು. ಹೊರಗೆ ನಿಂತವರಿಗೆ ಅದು ಹೇಗೆ ಗೊತ್ತಾಗಬೇಕು?

"ನಮ್ಮ ಹೂ ಬೇಡವಾಗಿದ್ರೆ, ನಮ್ಮ ಮೊಗ್ಗು ಒಣಗ್ತಾ ಇರೋದನ್ನ ನೋಡಿ ನೀರು ಕೊಡ್ತಿದ್ರಾ?"

"ಗೊತ್ತಿಲ್ಲ ಅತ್ತಿಗೆ. ಅದನ್ನ ನಾನು ಕೇಳ್ಕೊಂಡಿಲ್ಲ."

ಕೊಡುತ್ತಿದ್ದೆ ಎಂದು ಹೇಳಿದ್ದರೆ ನಾನು ಆತನನ್ನು ನಂಬುತ್ತಿರಲಿಲ್ಲ. ಗೊತ್ತಿಲ್ಲ ಎಂದದ್ದಕ್ಕೆ, "ಸರಿ, ಕಡಿದಿದ್ದು ತಗೊಂಡು ಹೋಗಿ, ಬಾಡಿ ಹೋಗ್ತದೆ," ಎಂದೆ. ನಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಮಳೆಗಾಲಕ್ಕೆ ಬಾ. ನಮ್ಮ ಗಿಡದಿಂದ ಎಷ್ಟು ಕಡ್ಡಿ ಬೇಕೋ ತಗೋ. ಮಧ್ಯ ಮಧ್ಯ ಸಾಲಿಗೆ ಕಟ್ಟಿಸು."

ಮನೆಗೆ ಬಂದ ಮೇಲೆ ನಾನು ನಮ್ಮವರನ್ನು ತರಾಟೆಗೆ ತೆಗೆದುಕೊಂಡೆ. "ಕಡ್ಡಿ ಕೊಡ್ತೀನಿ ಅಂತ ಇವತ್ತೇ ಹೇಳ್ಬೇಕಿತ್ತಾ? ಇನ್ನೂ ಒಂದು ನೀರು ಬಾಕಿ ಇದೆಯಲ್ಲ."

"ಪಾಪ, ಕಂಗಾಲಾಗಿದ್ದಾನೆ."

"ನಾವು ಕಂಗಾಲಾಗೋದು ಮುಂದಿನ ತಿಂಗಳು."

ಇದು ಕಾಫಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಹೂವಿಗೆ ಒಂದು ನೀರು ಬಿದ್ದರೆ ಸಾಲದು. ಹೂ ಬಾಡಿದ ಮೇಲೆ, ಕಾಯಿ ಸಾಸಿವೆಯಷ್ಟಿರುವಾಗ ಇನ್ನೊಂದು ಬೀಳಬೇಕು. ನಾವು ಅದನ್ನು ಬ್ಯಾಕಿಂಗ್ ಎನ್ನುತ್ತೇವೆ. ಅದು ತಪ್ಪಿದರೆ ಕಟ್ಟಿದ ಕಾಯಿ ನಿಲ್ಲುವುದಿಲ್ಲ. ಮೊದಲ ನೀರಿನಲ್ಲಿ ಆತನ ಕೆಲಸವೂ ಇತ್ತು. ನಮ್ಮ ಹೂ ಅರಳಿತು, ಪರಾಗ ಹಾರಿತು, ಆತನಿಗೆ ಬೇಕಾದ್ದು ಮುಗಿಯಿತು. ಈ ಎರಡನೆಯ ನೀರು ನಮ್ಮ ಕಾಯಿಗೆ ಮಾತ್ರ. ನಮ್ಮ ಕಾಯಿ ನಿಂತರೆ ಆತನಿಗೇನು, ಉದುರಿದರೆ ಆತನಿಗೇನು? ಮುಂದಿನ ವರ್ಷಗಳಿಗೆ ಕಡ್ಡಿಯ ಮಾತೂ ಕೊಟ್ಟಾಗಿದೆ. ಆತನನ್ನು ನಮ್ಮ ಕಡೆ ಎಳೆಯುವ ಒಂದು ದಾರವನ್ನೂ ನಮ್ಮವರು ಉಳಿಸಿರಲಿಲ್ಲ.

ಮಳೆ ಬರಲಿಲ್ಲ. ಸಂಜೆ ಮೋಡ ಕಟ್ಟುವುದು, ಗುಡುಗುವುದು, ಬೇರೆ ಕಡೆ ಹೋಗಿ ಸುರಿಯುವುದು. ವಾಟ್ಸಾಪಿನಲ್ಲಿ ಬೇರೆಯವರ ಸೆಂಟು ಓದಿ ಓದಿ ನಾನು ಫೋನು ಮಗುಚಿಡುತ್ತಿದ್ದೆ. ಬೆಳಿಗ್ಗೆ ಗಿಡದ ಬುಡ ನೋಡಲು ಹೋಗುವುದು ಒಂದು ಚಟವಾಯಿತು. ರೆಂಬೆ ಅಲ್ಲಾಡಿಸಿದರೆ ಸಣ್ಣ ಸಣ್ಣ ಹಸಿರು ಕಾಳು ತರಗೆಲೆಯ ಮೇಲೆ ಉದುರಲು ಶುರುವಾಗಿತ್ತು. ಅತ್ತೆ ಆಚೆ ತೋಟದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಒಮ್ಮೆ ಆತ ರಸ್ತೆಯಲ್ಲಿ ಹೋಗುವಾಗ ಜಗಲಿಯ ಕಡೆ ಕೈ ಮುಗಿದ. ಅತ್ತೆ ಬಗ್ಗಿ ಮೊರದಲ್ಲಿದ್ದ ಹುರುಳಿಯ ಕಲ್ಲು ಹುಡುಕಿದರು.

"ಅವನ ಇಂಜಿನ್ ಶುರುವಾಯ್ತು," ಎಂದರು ನಮ್ಮವರು ಒಂದು ದಿನ ಊಟಕ್ಕೆ ಕೂತಾಗ. ಕೆಳಗಿನಿಂದ ಟಕಟಕ ಸದ್ದು ಬರುತ್ತಿತ್ತು. "ಒಂದು ಫೋನ್ ಮಾಡ್ಲಾ?"

"ಮಾಡಬೇಡಿ."

"ಯಾಕೆ?"

"ಕೇಳಿದ್ದಕ್ಕೆ ಕೊಟ್ರು ಅಂತ ಆಗ್ತದೆ. ಕೇಳದೆ ಏನು ಮಾಡ್ತಾರೆ ನೋಡ್ಬೇಕು."

"ನೋಡಿ ನೋಡಿ ಕಾಯಿ ಉದುರ್ಲಿ," ಎಂದು ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದರು. ಅವರು ಹೇಳಿದ್ದು ಸರಿಯಾಗಿತ್ತು. ನನಗೂ ಆ ಮಧ್ಯಾಹ್ನ ಫೋನಿನ ಹತ್ತಿರ ಎರಡು ಸಲ ಕೈ ಹೋಯಿತು.

ಇಂಜಿನ್ನು ಆಚೆಯೇ ಓಡುತ್ತಿತ್ತು. ಮರುದಿನವೂ ಆಚೆಯೇ. ಇಷ್ಟೇ, ನಾನು ಅಂದುಕೊಂಡ ಹಾಗೇ ಆಯಿತು ಎಂದುಕೊಳ್ಳುತ್ತ ಕೊಟ್ಟಿಗೆ ಬಾಚುತ್ತಿರುವಾಗ, ಮನೆಯ ಮುಂದಿನ ರಸ್ತೆಯಲ್ಲಿ ಪಿಕಪ್ಪು ನಿಂತ ಸದ್ದಾಯಿತು. ಆತ ಬೇಲಿಯಿಂದ ಬರಲಿಲ್ಲ. ಪೈಪುಗಳನ್ನೆಲ್ಲ ಗಾಡಿಯಲ್ಲಿ ಹಾಕಿಕೊಂಡು ಸುತ್ತು ಬಳಸಿ ಮೇಲಿನಿಂದ ಬಂದಿದ್ದ. ಹಲೋ ಎನ್ನದೆ, ನಮಸ್ಕಾರ ಎನ್ನದೆ, ರಸ್ತೆಯ ಪಕ್ಕದ ನಮ್ಮ ಮೇಲಿನ ತುಂಡಿನಿಂದ ಪೈಪು ಜೋಡಿಸಿಕೊಂಡು ಕೆಳಗೆ ಕೆರೆಯ ಕಡೆ ಹೋದ.

ನಾನು ಕೈ ತೊಳೆದುಕೊಂಡು ಹೋಗಿ ನಿಂತೆ. ಜೆಟ್ಟು ತಿರುಗಲು ಶುರುವಾಗಿತ್ತು. ನಾನು ನೋಡಿದ್ದು ನೀರನ್ನಲ್ಲ, ಜಾಗವನ್ನು. ನಮ್ಮ ತೋಟದಲ್ಲಿ ಆತನ ಬೇಲಿಗೆ ಅತ್ಯಂತ ದೂರದ ತುಂಡು ಅದು. ಅಲ್ಲಿಯ ಹೂವಿನ ಪರಾಗ ಆತನ ಗಿಡಕ್ಕೆ ಎಂದೂ ಮುಟ್ಟಿದ್ದಿಲ್ಲ, ಮುಟ್ಟುವುದೂ ಇಲ್ಲ. ಬೇಲಿಯ ಪಕ್ಕದ ಸಾಲು ಹಿಡಿದಿದ್ದರೆ ನನಗೆ ಕೂಡಲೇ ಅರ್ಥವಾಗುತ್ತಿತ್ತು.

"ಈ ಮೂಲೆಗೆ ಹೊಡೆದ್ರೆ ನಿಮಗೇನು ಸಿಗ್ತದೆ?"

ಆತ ಪೈಪಿನ ಜಾಯಿಂಟು ಒತ್ತುತ್ತಿದ್ದವನು ತಲೆ ಎತ್ತಿದ. ಮುಖದ ಮೇಲೆಲ್ಲ ಕೆಸರಿನ ಹನಿ. "ಏನೂ ಸಿಗಲ್ಲ."

"ಮತ್ತೆ?"

"ಕಾರಣ ಇಲ್ಲದಿದ್ರೆ ನೀವು ನೀರು ತಗಳಲ್ಲ ಅಂತ ಗೊತ್ತು ಅತ್ತಿಗೆ. ದಾರಿಯುದ್ದಕ್ಕೂ ಯೋಚನೆ ಮಾಡ್ಕೊಂಡೇ ಬಂದೆ. ನಿಮ್ಮ ಗಿಡ ಸೊರಗಿದ್ರೆ ಕಿತ್ತು ಹಾಕ್ತೀರಿ, ನನಗೆ ತೊಂದ್ರೆ, ಅದೊಂದು. ನಿಮ್ಮ ಹೂ ಕದ್ದೆ, ಅದೊಂದು. ಅವ್ವ ಮುಖ ತಿರುಗಿಸ್ಕೊಂಡ್ರು, ಅದೊಂದು. ಯಾವುದು ಬೇಕೋ ಇಟ್ಕೊಳಿ."

"ಮೂರರಲ್ಲಿ ಯಾವುದು ನಿಜ?"

"ಹುಡುಕಿ. ಸಿಕ್ಕಿದ್ರೆ ನನಗೂ ಹೇಳಿ."

ಆ 'ಹುಡುಕಿ'ಯಲ್ಲಿ ಕುಹಕವಿತ್ತೋ ಬೇಸರವಿತ್ತೋ ಹೇಳಲಾರೆ. ಕೆಳಗೆ ಇಂಜಿನ್ನಿನ ಸದ್ದು ಬದಲಾಯಿತು, ಆತ ಓಡಿದ. ಕೆರೆಯಲ್ಲಿ ನೀರು ತೀರಾ ಕೆಳಗಿತ್ತು. ಆತನ ತೋಟ ಮುಗಿಯುವ ಹೊತ್ತಿಗೇ ಅರ್ಧಕ್ಕಿಂತ ಕಡಿಮೆ ಉಳಿದಿತ್ತಂತೆ. ತನ್ನದನ್ನು ಮೊದಲು ಮುಗಿಸಿಕೊಂಡ ಎಂಬುದನ್ನೂ ನಾನು ಮರೆತಿಲ್ಲ. ಮಧ್ಯಾಹ್ನ ದಾಟುವಾಗ ಜೆಟ್ಟಿನಿಂದ ಕೆಂಪು ಕೆಸರು ಚಿಮ್ಮಿತು, ಆಮೇಲೆ ಗಾಳಿ, ಆಮೇಲೆ ಅದೂ ಇಲ್ಲ. ನಮ್ಮ ತೋಟದ ಮೇಲಿನ ಅರ್ಧ ನೆನೆದಿತ್ತು, ಕೆಳಗಿನ ಅರ್ಧ ಒಣಗಿಯೇ ಇತ್ತು. ನೆನೆದ ಮಣ್ಣು ಎಲ್ಲಿ ಮುಗಿಯಿತು ಎಂದು ಕಾಲಿನಲ್ಲಿ ಮುಟ್ಟಿ ಹೇಳಬಹುದಾಗಿತ್ತು.

ಆತ ಪೈಪು ಸುತ್ತಿ ಗಾಡಿಗೆ ಹಾಕುವಾಗ ನಮ್ಮವರು ಒಂದು ತುದಿ ಹಿಡಿದುಕೊಟ್ಟರು. "ಅಣ್ಣ, ಅಷ್ಟೇ ಆಗಿದ್ದು," ಎಂದು ಆತ ಹೇಳಿದ್ದು ಕೇಳಿಸಿತು.

ಆ ವರ್ಷ ನಮ್ಮ ಮೇಲಿನ ಅರ್ಧದಲ್ಲಿ ಕಾಯಿ ನಿಂತಿತು, ಕೆಳಗಿನದರಲ್ಲಿ ಬಹುಪಾಲು ಉದುರಿತು. ಆ ಅರ್ಧದಲ್ಲೇ ವರ್ಷ ಕಳೆದೆವು. ಆದರೆ ಫಸಲು ಬರುವುದಕ್ಕೆ ಬಹಳ ಮೊದಲೇ, ಆ ಸಂಜೆಯೇ, ನಾನು ಆತನ ಕಾರಣವನ್ನು ಹಿಡಿದೆ ಎಂದುಕೊಂಡೆ. ಅತ್ತೆಗೆ ಕಾಫಿ ಕೊಟ್ಟು ಜಗಲಿಯಲ್ಲಿ ಅವರ ಪಕ್ಕದಲ್ಲೇ ಕೂತೆ. ಮನೆಗೆಲಸದ ಗಡಿಬಿಡಿಯಲ್ಲಿ ನಾನು ಅಲ್ಲಿ ಕೂರುವುದು ಕಡಿಮೆ. ಕೂತು ತಲೆ ಎತ್ತಿದರೆ ಕಂಡದ್ದು ರಸ್ತೆಯ ಪಕ್ಕದ ಆ ತುಂಡು. ಇಡೀ ತೋಟದಲ್ಲಿ ಜಗಲಿಯಿಂದ ಕಾಣುವುದು ಅದೊಂದೇ. ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಅತ್ತೆ, ಗೊತ್ತಾಯ್ತು. ನಿಮಗೆ ಕಾಣ್ಲಿ ಅಂತ ಇಲ್ಲಿ ಹೊಡೆದಿದ್ದು. ಕೆಳಗೆ ಹೊಡೆದಿದ್ರೆ ನಿಮಗೆ ಗೊತ್ತಾಗ್ತಿರ್ಲಿಲ್ಲ."

ಅತ್ತೆ ಲೋಟ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ಆ ಗಿಡಗಳ ಕಡೆ ನೋಡಿದರು.

"ಕಾಣ್ಲಿ ಅಂತಲೇ ಮಾಡಿರ್ತಾನೆ," ಎಂದರು. "ನನಗೆ ಕಂಡ್ತಲ್ಲ."